ಬುಧವಾರದ ರೊಟ್ಟಿ

ಉಣ್ಣುತ್ತ ಕೂತವರಿಗೆ ಸಾವಿನ ಸುದ್ದಿ ಹೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ತಾಟು ಮುಂದಿರುವಾಗ ಸುದ್ದಿ ತಂದವನು ಬಂದರೆ ಅವನನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿ, ಒಳಗಿನವರು ಕೈ ತೊಳೆದುಕೊಂಡ ಮೇಲೆಯೇ ಮಾತಾಡಿಸುತ್ತಿದ್ದರು. ಗದಗದ ಹತ್ತಿರ ಬೆಳೆದ ನನಗೆ ಇದನ್ನು ಯಾರೂ ಕಲಿಸಲಿಲ್ಲ. ನೋಡುತ್ತ ಬಂದದ್ದು, ಹಾಗೇ ಮೈಗೆ ಹತ್ತಿತು. ಮಿಶಿಗನ್ನಿನಲ್ಲಿ ಒಂದು ವಸಂತಕಾಲ ಪೂರ್ತಿ ಆ ರೂಢಿ ನನ್ನ ಬಾಯಿ ಕಟ್ಟಿತು. ಆಗ ನನ್ನ ಜೊತೆ ಇದ್ದವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ನಾರ್ತ್‌ವಿಲ್‌ನ ಒಂದು ಸೇವಾ ಕ್ಲಬ್ಬಿಗೆ ನಾನೂ ನನ್ನ ಹೆಂಡತಿಯೂ ಪ್ರತಿ ಬುಧವಾರ ಮಧ್ಯಾಹ್ನ ಅಡುಗೆ ಮಾಡಿ ಬಡಿಸುತ್ತಿದ್ದೆವು. ಸುಮಾರು ನಲವತ್ತು ಜನ, ಹೆಚ್ಚಿನವರು ನಿವೃತ್ತರು. ಶಾಲೆಯ ಮಕ್ಕಳಿಗೆ ಚಳಿಗಾಲದ ಕೋಟು ಕೊಡಿಸುವುದು, ಗಾಲಿಕುರ್ಚಿಯವರ ಮನೆ ಬಾಗಿಲಿಗೆ ಇಳಿಜಾರು ಹಲಗೆ ಕಟ್ಟಿಕೊಡುವುದು, ಇಂಥ ಕೆಲಸ ಅವರದು. ಒಂದು ಚರ್ಚಿನ ಸಭಾಂಗಣದಲ್ಲಿ ಸೇರುತ್ತಾರೆ. ಗಂಟೆ ಬಾರಿಸುತ್ತಾರೆ, ಧ್ವಜಕ್ಕೆ ವಂದನೆ, ಊಟ, ಆಮೇಲೆ ಯಾರಾದರೂ ಅತಿಥಿಯ ಭಾಷಣ, ಮತ್ತೆ ಗಂಟೆ. ಅಷ್ಟರಲ್ಲಿ ಎಲ್ಲರೂ ಕಾರಿನ ಕೀಲಿ ಕೈಯಲ್ಲಿ ಹಿಡಿದಿರುತ್ತಾರೆ.

ಸಭಾಂಗಣದ ಹಿಂದೆ ಪರವಾನಗಿ ಇರುವ ದೊಡ್ಡ ಅಡುಗೆಮನೆ ಇದೆ. ಅದನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿದ್ದೆವು. ಕ್ಲಬ್ಬಿನ ಸದಸ್ಯರಲ್ಲಿ ಒಬ್ಬ ಡಾಕ್ಟರು ಬಾಗಲಕೋಟೆ ಕಡೆಯವರು. ಹಳೆಯ ಹೋಟೆಲಿನ ಒಣ ಕೋಳಿ ತಿಂದು ಬೇಸತ್ತ ಸದಸ್ಯರಿಗೆ ನಮ್ಮನ್ನು ಪರಿಚಯಿಸಿದವರು ಅವರೇ. ಅಡುಗೆ ಹೆಂಡತಿಯದು. ಸಾಮಾನು ತರುವುದು, ಹೆಚ್ಚುವುದು, ಮೇಜು ಹಾಕುವುದು, ಎತ್ತುವುದು, ತೊಳೆಯುವುದು ನನ್ನದು. ನಾನು ಐಟಿಐ ಕಲಿತು ಕಾರ್ಖಾನೆಯಲ್ಲಿ ದುಡಿದವನು. ಭಾರ ಎತ್ತುವುದು ನನಗೆ ಹೊಸದಲ್ಲ.

ಊಟ ಬಹಳ ದೊಡ್ಡದೇನೂ ಅಲ್ಲ. ಒಂದು ಕೋಸಂಬರಿ, ಒಂದು ಅನ್ನದ ಬಗೆ, ಒಂದು ಪಲ್ಯ. ಮುಖ್ಯವಾದವು ಎರಡು. ಒಂದು, ತೊಗರಿಬೇಳೆ ಟೊಮೆಟೊ ಹಾಕಿದ ನಮ್ಮ ಸಾರು. ಅವರು ಅದನ್ನು ಬುಧವಾರದ ಸೂಪ್ ಅನ್ನುತ್ತಿದ್ದರು. ಇನ್ನೊಂದು ಜೋಳದ ಖಡಕ್ ರೊಟ್ಟಿ. ಅದನ್ನು ಚೂರು ಮಾಡಿ ಬುಟ್ಟಿಯಲ್ಲಿಟ್ಟು, ಪಕ್ಕದಲ್ಲಿ ಮೊಸರಿಗೆ ಕಲಸಿದ ಅಗಸಿ ಚಟ್ನಿ ಇಡುತ್ತಿದ್ದೆವು. ಬುಟ್ಟಿ ಯಾವತ್ತೂ ಉಳಿದು ವಾಪಸು ಬಂದದ್ದಿಲ್ಲ.

ಸಾರಿನ ಬೋಗೋಣಿ ಒಲೆಯ ಮೇಲಿರುವಾಗ ಆಕೆ ಪ್ರತಿ ಬುಧವಾರ ಒಂದು ಮಾತು ಹೇಳುತ್ತಿದ್ದಳು.

"ಸ್ವಲ್ಪ ಎತ್ತಿ ನೋಡ್ರಿ."

ನಾನು ಎರಡೂ ಹಿಡಿ ಹಿಡಿದು ಬೆರಳಷ್ಟು ಎತ್ತಿ ಇಳಿಸುತ್ತಿದ್ದೆ. "ಇನ್ನೊಂದು ತಂಬಿಗಿ ನೀರ ಬೇಕು," ಅನ್ನುತ್ತಿದ್ದೆ, ಇಲ್ಲವೆ "ಸಾಕು." ಆಕೆ ಅದರಂತೆಯೇ ಮಾಡುತ್ತಿದ್ದಳು. "ನಿಮ್ಮ ತೋಳ ನನ್ನ ತಕ್ಕಡಿ," ಎಂದು ನಗುತ್ತಿದ್ದಳು.

ಫೆಬ್ರವರಿ ಕೊನೆಗೆ ಆಕೆ ಆಸ್ಪತ್ರೆ ಸೇರಿದಳು. ರಕ್ತಕ್ಕೆ ಸೋಂಕು ಇಳಿದಿತ್ತು. ಮಾರ್ಚ್ ಮುಗಿಯುವುದರೊಳಗೆ ಹೋಗಿಬಿಟ್ಟಳು. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನೋವೈ, ಟ್ರಾಯ್ ಕಡೆಯ ಕನ್ನಡದ ಮನೆಗಳವರು ಡಬ್ಬಿ ತುಂಬಿ ಅಡುಗೆ ತಂದುಕೊಟ್ಟರು, ಕೂತು ಹೋದರು. ಅದನ್ನೂ ಮರೆಯುವಂತಿಲ್ಲ. ಮಗಳು ಐದು ತಾಸಿನ ದಾರಿಯ ಡೌನರ್ಸ್ ಗ್ರೋವ್‌ನಿಂದ ಬಂದು ಎರಡು ವಾರ ಇದ್ದಳು. ಹೊರಡುವಾಗ ನನ್ನ ಸೂಟ್‌ಕೇಸನ್ನೂ ಇಳಿಸಿ ಇಟ್ಟಳು.

"ಅಪ್ಪಾ, ಕಮ್ ವಿತ್ ಮಿ. ವಾಟ್ ವಿಲ್ ಯು ಡೂ ಹಿಯರ್ ಅಲೋನ್?"

"ಬುಧವಾರ ಐತೆಲ್ಲವಾ," ಎಂದೆ.

ಸೂಟ್‌ಕೇಸು ಮತ್ತೆ ಅಟ್ಟಕ್ಕೆ ಹೋಯಿತು. ಆದರೆ ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಬುಧವಾರ ಕೈಬಿಟ್ಟು ಹೋದರೆ ಈ ಊರಿನಲ್ಲಿ ಇರಲು ನನಗೆ ಕಾರಣವೇ ಇರಲಿಲ್ಲ. ನಮ್ಮಿಬ್ಬರ ಕೈಯಿಂದ ಆದ ಕೆಲಸವೆಂದು ಉಳಿದದ್ದು ಅದೊಂದೇ.

ಕ್ಲಬ್ಬಿನವರಿಗೆ ಆಕೆ ಆಸ್ಪತ್ರೆಯಲ್ಲಿ ಇರುವುದು ಗೊತ್ತಿತ್ತು. ಅಷ್ಟು ದಿನವೂ ಅವರು ಸ್ಯಾಂಡ್‌ವಿಚ್ ತರಿಸಿಕೊಂಡಿದ್ದರು. ನಾನು ಅಧ್ಯಕ್ಷೆಗೆ ಫೋನ್ ಮಾಡಿದೆ. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಕ್ಲಬ್ಬಿನವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಒಂದು ನಿಮಿಷ, ಬಾಯಿ ತುಂಬ ಊಟ ಇದೆ," ಎಂದರು ಅಧ್ಯಕ್ಷೆ. ನುಂಗಿದರು. "ಹೇಳಿ, ಆಕೆ ಹೇಗಿದ್ದಾರೆ?"

ನಾನು ಹೇಳಬೇಕೆಂದು ಜೋಡಿಸಿಕೊಂಡ ವಾಕ್ಯ ಅಲ್ಲಿಯೇ ನಿಂತಿತು. "ಆಸ್ಪತ್ರೆಯದು ಮುಗಿಯಿತು ಮೇಡಂ. ಮುಂದಿನ ಬುಧವಾರದಿಂದ ಊಟ ಮಾಡಿಕೊಡುತ್ತೇವೆ," ಎಂದೆ. ಬುಧವಾರ ಎದುರಿಗೆ ಕಂಡಾಗ ಹೇಳಿದರಾಯಿತು ಎಂದುಕೊಂಡೆ.

ಆ ಬುಧವಾರ ಬೆಳಿಗ್ಗೆ ಚರ್ಚಿನ ಅಡುಗೆಮನೆಯ ದೀಪ ಹಾಕಿದಾಗ ಮೊದಲು ಕಂಡದ್ದು ರೊಟ್ಟಿಯ ಡಬ್ಬಿಗಳು. ಹೊಸ ವರ್ಷದ ರಜೆಯಲ್ಲಿ ಅಡುಗೆಮನೆ ಖಾಲಿ ಇರುತ್ತದೆಂದು ಆಕೆ ಪ್ರತಿ ಜನವರಿಯಲ್ಲಿ ರೊಟ್ಟಿ ತಟ್ಟಿ, ಒಣಗಿಸಿ, ದೊಡ್ಡ ಡಬ್ಬಿಗಳಲ್ಲಿ ತುಂಬಿ ಶೆಲ್ಫಿನ ಮೇಲೆ ಇಡುತ್ತಿದ್ದಳು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಐದು ಡಬ್ಬಿ ಉಳಿದಿದ್ದವು. ಒಂದನ್ನು ಇಳಿಸಿ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿದೆ. ಮೊದಲು ಸಾರು ಇಡೋಣ ಎಂದುಕೊಂಡೆ.

ಆಕೆ ಮಾಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಆದರೆ ನೋಡಿದ್ದು ಎತ್ತುವವನ ಕಣ್ಣಿನಿಂದ. ಯಾವ ಹೊತ್ತಿಗೆ ಪಾತ್ರೆ ಎಲ್ಲಿಗೆ ಸರಿಯಬೇಕು ಎಂಬುದು ಗೊತ್ತು, ಅದರೊಳಗೆ ಏನು ಯಾವಾಗ ಬೀಳುತ್ತದೆ ಎಂಬುದು ಸರಿಯಾಗಿ ಗೊತ್ತಿಲ್ಲ. ಬೇಳೆ ಬೇಯಿಸಿ ಅರೆದೆ. ಟೊಮೆಟೊ, ಬೆಳ್ಳುಳ್ಳಿ, ಮೆಣಸು, ಮೆಂತ್ಯದ ಒಗ್ಗರಣೆ, ಸ್ವಲ್ಪ ಬೆಲ್ಲ, ಲಿಂಬೆರಸ. ಕುದಿಯಲು ಬಿಟ್ಟು ಬೋಗೋಣಿ ಎತ್ತಿ ನೋಡಿದೆ. ಹಗುರ ಅನ್ನಿಸಿತು. ನೀರು ಹಾಕಿ ಮತ್ತೆ ಎತ್ತಿದೆ. ಈಗ ಸರಿ. ಅಳತೆಯ ಮಟ್ಟಿಗೆ ನನ್ನ ತೋಳು ಮೋಸ ಮಾಡಲಿಲ್ಲ. ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. ಬಡಿಸುವವರೆಗೆ ನೂರಾ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಕೂಡದು ಎಂಬುದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ನಿಯಮ. ಅದೂ ಸರಿ ಇತ್ತು.

ರುಚಿ ಮಾತ್ರ ಕಹಿ.

ಮೆಂತ್ಯ ಸೀದಿರಬೇಕೆಂದು ಒಗ್ಗರಣೆ ಸೋಸಿ ತೆಗೆದೆ, ಬೆಲ್ಲ ಸೇರಿಸಿದೆ. ಕಹಿ ಹೋಗಲಿಲ್ಲ, ಅದರ ಮೇಲೆ ಸಿಹಿ ಬಂದು ಕೂತಿತು. ಹನ್ನೆರಡರ ಹೊತ್ತಿಗೆ ಜನ ಬರತೊಡಗಿದರು. ಬೇರೆ ಮಾಡಲು ಸಮಯವಿರಲಿಲ್ಲ.

ಸಾಲು ನಿಂತಿತು. ಕ್ಲಬ್ಬಿನ ಗಂಟೆ ಬಾರಿಸುವವರು ಎಂಬತ್ತು ದಾಟಿದ ಒಬ್ಬ ಹಿರಿಯರು. ಕಾರಿನ ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ದುಡಿದವರು. ನಾವಿಬ್ಬರೂ ಅವರನ್ನು ನಮ್ಮೊಳಗೆ ಗಂಟೆ ಅಜ್ಜ ಎನ್ನುತ್ತಿದ್ದೆವು. ಅವರು ಯಾವಾಗಲೂ ರೊಟ್ಟಿಯ ಎರಡು ಚೂರನ್ನು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸುತ್ತಿದ್ದರು, ಸಂಜೆಯ ಕಾಫಿಗೆ. ಹೆಂಡತಿ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದಳು.

ಅಜ್ಜ ಸೂಪಿನ ಒಂದು ಚಮಚ ಕುಡಿದು ನನ್ನ ಕಡೆ ತಿರುಗಿದರು. "ಇವತ್ತು ಸೂಪ್ ಯಾರ ಮೇಲೋ ಸಿಟ್ಟಾಗಿದೆ," ಎಂದರು.

"ನನ್ನ ಮೇಲೆ," ಎಂದೆ.

"ಮನೆಯಾಕೆಯನ್ನು ಬೇಗ ಕರೆದುಕೊಂಡು ಬಾ. ನಿನ್ನ ಮೇಲೆ ಸಿಟ್ಟಾದರೆ ನಾವು ಯಾಕೆ ಕುಡಿಯಬೇಕು?" ಮೇಜಿನ ಸುತ್ತ ಇದ್ದವರು ನಕ್ಕರು. "ಈಗ ಹೇಗಿದ್ದಾರೆ?"

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಎಲ್ಲರ ಕೈಯಲ್ಲೂ ಚಮಚ ಇತ್ತು. "ಕಾಫಿ ತರುತ್ತೇನೆ," ಎಂದು ಒಳಗೆ ಹೋದೆ.

ಓದುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಆ ಸಭೆಯಲ್ಲಿ ಯಾರ ಮುಂದೆಯೂ ತಾಟು ಇಲ್ಲದ ಗಳಿಗೆ ಎಂಬುದು ಇಲ್ಲ. ಬಂದ ಕೂಡಲೇ ಕಾಫಿ ಹಿಡಿಯುತ್ತಾರೆ, ಗಂಟೆಯಾದ ಮೇಲೆ ಊಟ, ಭಾಷಣದ ಹೊತ್ತಿಗೆ ಸಿಹಿ, ಆಮೇಲೆ ಓಡುತ್ತಾರೆ. ನಾನು ಬಾಗಿಲ ಬಳಿ ಕಾದು ನಿಂತರೂ ಯಾರದೋ ಬಾಯಲ್ಲಿ ಕೇಕಿನ ತುಂಡು ಇರುತ್ತಿತ್ತು. ಅದೂ ಅಲ್ಲದೆ ಅವರು ತಿನ್ನುತ್ತಿದ್ದದ್ದು ಆಕೆ ತಟ್ಟಿದ ರೊಟ್ಟಿ.

ಮುಂದಿನ ವಾರ ಮೆಂತ್ಯ ಹಾಕಲೇ ಇಲ್ಲ. ಕಹಿ ಹಾಗೇ ಇತ್ತು. ಅದರ ಮುಂದಿನ ವಾರ ಟೊಮೆಟೊ ಬದಲಿಸಿದೆ, ಬೆಳ್ಳುಳ್ಳಿ ಕಡಿಮೆ ಮಾಡಿದೆ. ಆಗಲೂ ಕಹಿ. ಸಾರು ಅರ್ಧಕ್ಕರ್ಧ ವಾಪಸು ಬಂತು. ಊಟವಾದ ಮೇಲೆ ಅಧ್ಯಕ್ಷೆ ಕಾಫಿಯ ಲೋಟ ಹಿಡಿದೇ ಅಡುಗೆಮನೆಗೆ ಬಂದರು.

"ನಿಮಗೆ ಕಷ್ಟವಾಗುತ್ತಿದೆ ಅಂತ ಕಾಣುತ್ತದೆ. ಆಕೆ ಎದ್ದು ಓಡಾಡುವವರೆಗೆ ಸ್ಯಾಂಡ್‌ವಿಚ್ ತರಿಸೋಣವೇ?" ಎಂದರು. ಬಹಳ ಮೆತ್ತಗೆ ಹೇಳಿದರು.

"ಇನ್ನೊಂದು ವಾರ ನೋಡಿ ಮೇಡಂ."

"ನೋಡೋಣ. ಆದರೆ ಮುಂದಿನ ತಿಂಗಳು ಬೋರ್ಡ್ ಕೂತಾಗ ನಾನು ಏನಾದರೂ ಹೇಳಬೇಕಾಗುತ್ತದೆ."

ಆ ಸಂಜೆ ಮಗಳಿಗೆ ಫೋನ್ ಮಾಡಿ ಸಾರು ಮಾಡಿದ ಕ್ರಮವನ್ನು ಮೊದಲಿನಿಂದ ಒಪ್ಪಿಸಿದೆ. ಅವಳು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಾಳೆ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಲಿಂಬೆರಸದವರೆಗೆ ಬಂದಾಗ ನಿಲ್ಲಿಸಿದಳು.

"ವೇಟ್. ಯು ಬಾಯ್ಲ್ಡ್ ದ ಲೆಮನ್?"

"ಹೂಂ. ಸಾರಿನ ಜೋಡಿ ಕುದಸಬಾರದೇನು?"

"ಅಪ್ಪಾ. ಅಮ್ಮ ಆಲ್ವೇಸ್ ಟರ್ನ್ಡ್ ಇಟ್ ಆಫ್ ಫಸ್ಟ್. ದೆನ್ ಲೆಮನ್." ಆಮೇಲೆ ಅವಳು ನಗಲು ಶುರು ಮಾಡಿದಳು, ನಗುತ್ತಲೇ ಅತ್ತಳು. ತಾಯಿ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಆಗಲೇ.

ಮುಂದಿನ ಬುಧವಾರ ಒಲೆ ಆರಿಸಿ, ಗುಳ್ಳೆ ನಿಂತ ಮೇಲೆ ಲಿಂಬೆರಸ ಹಾಕಿದೆ. ಸೌಟಿನಿಂದ ಅಂಗೈಗೆ ಹಾಕಿಕೊಂಡು ಕುಡಿದು, ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅದು ಆಕೆಯ ಸಾರು. ಅವತ್ತು ಬೋಗೋಣಿ ತಳ ಕಂಡಿತು. ಗಂಟೆ ಅಜ್ಜ ಎರಡನೆಯ ಸಲ ಬಟ್ಟಲು ಹಿಡಿದು ಬಂದರು. "ರಾಜಿಯಾಯಿತೇನು?" ಎಂದರು. ನಾನು ತಲೆಯಾಡಿಸಿದೆ.

ಅವತ್ತೇ ಅಧ್ಯಕ್ಷೆ ಎಲ್ಲರೆದುರು ನನ್ನನ್ನು ಕರೆದು ಒಂದು ದೊಡ್ಡ ಕಾರ್ಡು ಕೊಟ್ಟರು. ಬೇಗ ಗುಣವಾಗಿ ಎಂದು ಅಚ್ಚಾಗಿತ್ತು. ಅದರ ಕೆಳಗೆ ಎಲ್ಲರ ಸಹಿ. ಪ್ರತಿ ಸಹಿಯ ಪಕ್ಕ ಒಂದೊಂದು ಸಾಲು. ನಿಮ್ಮ ಸೂಪಿಲ್ಲದೆ ನಮ್ಮ ಚಳಿಗಾಲ ಮುಗಿಯುವುದೇ ಇಲ್ಲ ಎಂದು ಒಬ್ಬರು. ರೊಟ್ಟಿ ಕದಿಯುವವನು ಎಂದು ಗಂಟೆ ಅಜ್ಜ.

"ಮುಂದಿನ ವಾರ ಸಭೆ ಮುಗಿದ ಮೇಲೆ ನಾವು ನಾಲ್ಕು ಜನ ನಿಮ್ಮ ಮನೆಗೆ ಬರುತ್ತೇವೆ," ಎಂದರು ಅಧ್ಯಕ್ಷೆ. "ಇಷ್ಟು ವರ್ಷ ನಮಗೆ ಬಡಿಸಿದವರಿಗೆ ಒಂದು ದಿನ ನಾವು ಊಟ ತಂದು ಕೊಡುತ್ತೇವೆ. ಬೇಡ ಅನ್ನಬೇಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಾರ್ಡು ಹಿಡಿದು ನಿಂತಿದ್ದೆ. ಡಾಕ್ಟರು ಮಾತ್ರ ತಟ್ಟಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

ಪಾರ್ಕಿಂಗ್ ಲಾಟಿನಲ್ಲಿ ನಾನು ಖಾಲಿ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದಾಗ ಅವರು ಬಂದರು.

"ಅಣ್ಣಾರ, ಇವರಿಗೆ ಗೊತ್ತಿಲ್ಲೇನ್ರಿ?"

"ಇಲ್ರಿ."

"ನೀವ ಹೇಳೀರಿ ಅಂತ ನಾ ತಿಳಕೊಂಡಿದ್ನೆಲ್ರಿ. ಆ ಮಣ್ಣಿನ ದಿನ ನಿಮ್ಮ ಜೋಡಿ ನಿಂತಾಂವ ನಾ. ಮನಿಯವರು ಹೇಳೋ ಸುದ್ದಿ ಅದು, ನಾ ಮುಂದ ಬಿದ್ದು ಹೇಳಬಾರದು ಅಂತ ಸುಮ್ಮನಿದ್ದೆ. ಅವರು ಆಕಿ ಹೆಂಗದಾರ ಅಂತ ಕೇಳೋದು ನನ್ನ ಕಿವೀಗಿ ಬಿದ್ದಿತ್ತು ಒಂದ್ ಸಲ. ಆದ್ರ ಆಗ ಎಲ್ಲಾರೂ..." ಅವರು ನಿಲ್ಲಿಸಿದರು.

"ಉಣ್ಣಾಕತ್ತಿದ್ರು," ಎಂದೆ.

"ಉಣ್ಣಾಕತ್ತಿದ್ರು," ಎಂದರು ಅವರೂ. ವ್ಯಾನಿನ ಬಾಗಿಲಿಗೆ ಒರಗಿದರು. "ದೊಡ್ಡ ಶ್ಯಾಣ್ಯಾರ್ರಿ ನಾವಿಬ್ಬರೂ. ನಾ ಆಸ್ಪತ್ರ್ಯಾಗ ದಿನಾ ಇಂಥ ಸುದ್ದಿ ಹೇಳಾಂವ. ಇಲ್ಲಿ ಒಂದ್ ತಾಟು ನೋಡಿ ಬಾಯಿ ಮುಚಗೊಂಡ ಕುಂತೀನಿ."

ಅದಕ್ಕೆ ನನಗೆ ನಗು ಬಂತು. ಅವರಿಗೂ ಬಂತು. ಆಮೇಲೆ ಅವರು ಕೇಳಿದರು, "ನಾ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳ್ಲೇನು? ನಿಮಗ ಹಗುರಾಗತೈತಿ."

ಯೋಚಿಸಿ ಹೇಳುತ್ತೇನೆ ಎಂದು ಮನೆಗೆ ಬಂದೆ. ಆಕೆ ಹೋದಾಗಿನಿಂದ ಮನೆಯ ಒಲೆ ಹಚ್ಚಿರಲಿಲ್ಲ. ಬುಧವಾರದ ಉಳಿಕೆಯಲ್ಲಿ ಎರಡು ದಿನ, ಬ್ರೆಡ್ಡು ಹಾಲಿನಲ್ಲಿ ಉಳಿದ ದಿನ ಕಳೆಯುತ್ತಿತ್ತು. ಕಾರ್ಡನ್ನು ಮೇಜಿನ ಮೇಲಿಟ್ಟು ಯೋಚಿಸಿದೆ. ಡಾಕ್ಟರು ಹೇಳಿದರೆ ಮುಂದಿನ ಬುಧವಾರ ಕ್ಲಬ್ಬಿನವರು ಊಟಕ್ಕೆ ಬಂದಾಗ ಎಲ್ಲ ಗೊತ್ತಿದ್ದೇ ಬರುತ್ತಾರೆ. ಅದು ಸುಲಭ. ಆದರೆ ಸೂಪ್ ಮಾಡುವ ಹೆಂಗಸೇ ಇಲ್ಲವೆಂದ ಮೇಲೆ ಊಟ ಬೇರೆ ಕಡೆಯಿಂದ ತರಿಸೋಣವೆಂದು ಅವರಿಗೆ ಅನ್ನಿಸಿದರೆ ಅದು ತಪ್ಪಲ್ಲ. ಆಗ ನಾನು ಆ ಅಡುಗೆಮನೆಗೆ ಮತ್ತೆ ಹೋಗುವುದು ಪಾತ್ರೆ ತರಲು ಮಾತ್ರ.

ಇನ್ನೊಂದು ವಿಷಯವೂ ಇತ್ತು. ಅಲ್ಲಿ ರೊಟ್ಟಿಯ ಕೊನೆಯ ಡಬ್ಬಿ ಇತ್ತು. ಅದನ್ನು ಮನೆಗೆ ತಂದು ಇಟ್ಟುಕೊಳ್ಳಬೇಕೆಂದು ಆ ವಾರ ಮೂರು ನಾಲ್ಕು ಸಲ ಮನಸ್ಸಾಯಿತು. ಒಂದು ಸಲ ಕಾರು ತೆಗೆದು ಅರ್ಧ ದಾರಿ ಹೋಗಿಯೂ ಬಂದೆ. ಕಿತ್ತಳೆ ಡ್ರಮ್ಮುಗಳನ್ನಿಟ್ಟು ರಸ್ತೆ ಅಗೆದಿದ್ದರು. ಕಾರುಗಳ ಸಾಲಿನಲ್ಲಿ ನಿಂತಿದ್ದಾಗ ಯೋಚನೆ ಬಂತು: ಇದನ್ನು ಆಕೆ ತಟ್ಟಿದ್ದು ನನಗಾಗಿ ಅಲ್ಲ. ಮಣಿಕಟ್ಟು ನೋಯುತ್ತಿದ್ದರೂ ನಿಂತು ತಟ್ಟಿದ್ದು ಬುಧವಾರದವರಿಗಾಗಿ. ತಟ್ಟಿದವಳ ಬಗ್ಗೆ ನಾನೇ ಹೇಳಬೇಕು, ತಿಂದ ಮೇಲೆ ಹೇಳಬೇಕು. ಅಲ್ಲೇ ಯು-ಟರ್ನ್ ತೆಗೆದುಕೊಂಡು ಮನೆಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ.

"ನಾನ ಹೇಳ್ತೀನ್ರಿ. ಭಾಷಣಕ್ಕಿಂತ ಮೊದಲ ಐದು ನಿಮಿಷ ಕೊಡಸ್ರಿ ಸಾಕು. ಅಷ್ಟೊತ್ತಿಗೆ ಎಲ್ಲಾರ ತಾಟೂ ತಗದಿರತೀನಿ."

"ಕಾಫಿ ಕಪ್ಪೂ ತಗೀರಿ," ಎಂದರು ಡಾಕ್ಟರು.

ಆ ಬುಧವಾರ ಎಲ್ಲವನ್ನೂ ನಿಧಾನವಾಗಿ ಮಾಡಿದೆ. ಬೋಗೋಣಿ ಎತ್ತಿ ನೋಡಿದೆ, ಒಲೆ ಆರಿಸಿದೆ, ಲಿಂಬೆ ಹಿಂಡಿದೆ. ಕೊನೆಯ ಡಬ್ಬಿಯ ರೊಟ್ಟಿಗಳನ್ನು ಒಂದೊಂದಾಗಿ ಮುರಿದು ಬುಟ್ಟಿಗಳಿಗೆ ಹಂಚಿದೆ. ಜೋಳದ ರೊಟ್ಟಿ ಮುರಿಯುವ ಸದ್ದು ಅಡುಗೆಮನೆಯಲ್ಲಿ ಜೋರಾಗಿ ಕೇಳುತ್ತದೆ. ತಳದಲ್ಲಿ ಉಳಿದ ಪುಡಿಯನ್ನು ನಾನು ಬಾಯಿಗೆ ಹಾಕಿಕೊಂಡೆ.

ಗಂಟೆಯಾಯಿತು, ಊಟವಾಯಿತು. ಬುಟ್ಟಿಗಳು ಖಾಲಿಯಾದವು. ಗಂಟೆ ಅಜ್ಜ ಎಂದಿನಂತೆ ಎರಡು ಚೂರು ಜೇಬಿಗೆ ಇಳಿಸಿದ್ದನ್ನೂ ನೋಡಿದೆ. ಆಮೇಲೆ ತಳ್ಳುಗಾಡಿ ತಂದು ತಾಟು, ಬಟ್ಟಲು, ಚಮಚ ತೆಗೆಯತೊಡಗಿದೆ. ಅರ್ಧ ತುಂಬಿದ ಕಾಫಿಯನ್ನೂ ತೆಗೆದೆ. ಒಬ್ಬರ ಕೈಯಲ್ಲಿ ಕೇಕಿನ ತುಣುಕು ಇತ್ತು. ಅದು ಮುಗಿಯುವವರೆಗೆ ಪಕ್ಕದಲ್ಲೇ ನಿಂತೆ.

"ಇವತ್ತು ನಮ್ಮನ್ನು ಬೇಗ ಓಡಿಸುತ್ತಿದ್ದಾನೆ," ಎಂದರು ಅಜ್ಜ.

ಅಧ್ಯಕ್ಷೆ ನನಗೆ ಮೈಕ್ ಕೊಟ್ಟರು. ಡಾಕ್ಟರು ಎದ್ದು ಬಂದು ನನ್ನ ಹಿಂದೆ ನಿಂತರು. ನನ್ನ ಇಂಗ್ಲಿಷ್ ಕಾರ್ಖಾನೆಯಲ್ಲಿ ಕಲಿತದ್ದು. ಉದ್ದ ವಾಕ್ಯ ಬರುವುದಿಲ್ಲ. ಹೀಗೆ ಹೇಳಿದೆ:

"ನನ್ನ ಹೆಂಡತಿ ತೀರಿಕೊಂಡಳು. ಮಾರ್ಚಿನಲ್ಲಿ. ನೀವು ಕೇಳಿದಾಗಲೆಲ್ಲ ಊಟ ಮಾಡುತ್ತಿದ್ದಿರಿ. ನಮ್ಮಲ್ಲಿ ಊಟ ಮಾಡುವವರಿಗೆ ಇಂಥ ಸುದ್ದಿ ಹೇಳುವುದಿಲ್ಲ. ಅದಕ್ಕೆ ಕಾದೆ. ಇವತ್ತು ನೀವು ತಿಂದ ರೊಟ್ಟಿ ಆಕೆ ಮಾಡಿದ್ದು. ಅದು ಕೊನೆಯ ಡಬ್ಬಿ. ಕಾರ್ಡಿಗೆ ಥ್ಯಾಂಕ್ಸ್. ಅದನ್ನು ಇಟ್ಟುಕೊಳ್ಳುತ್ತೇನೆ."

ಹಿಂದಿನ ಮೇಜಿನಲ್ಲಿ ಒಬ್ಬ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡಿದ್ದರು. ಅಜ್ಜ ಬಹಳ ಹೊತ್ತು ನನ್ನನ್ನೇ ನೋಡಿದರು.

"ಆ ಕಹಿ ಸೂಪ್. ಆಗಲೇ ನೀನು ಒಬ್ಬನೇ ಇದ್ದೆ."

"ಹೌದು."

"ನಾನು ತಮಾಷೆ ಮಾಡಿದೆ."

"ಒಳ್ಳೆಯದಾಯಿತು. ಬೇರೆ ಯಾರೂ ಕಹಿಯೆಂದು ಹೇಳಲಿಲ್ಲ," ಎಂದೆ. ಅದು ನಿಜ. ಮಿಕ್ಕವರೆಲ್ಲ ಚೆನ್ನಾಗಿದೆ ಎಂದೇ ಹೇಳಿ ಬಟ್ಟಲಿನಲ್ಲಿ ಉಳಿಸಿದ್ದರು.

ಅಧ್ಯಕ್ಷೆ ಎದ್ದರು. ಕಣ್ಣು ಒರೆಸಿಕೊಂಡರು. "ಇಷ್ಟು ವರ್ಷ ಆಕೆಯನ್ನು ಬರೀ ಶೆಫ್ ಎಂದು ಕರೆದೆವು. ಆಕೆಯ ಹೆಸರು ಹೇಳಿ," ಎಂದರು.

"ಗಿರಿಜಾ," ಎಂದೆ. ಆಕೆ ಹೋದ ಮೇಲೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವರೆಲ್ಲ ಮೆಲ್ಲಗೆ ಅದನ್ನು ಹೇಳಿ ನೋಡಿದರು. ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಅವತ್ತಿನ ಅತಿಥಿ ಸೇತುವೆ ರಿಪೇರಿಯ ಎಂಜಿನಿಯರ್. ಅವರು ತಮ್ಮ ಭಾಷಣವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ ಎಂದರು.

ಹೋಗುವ ಮುಂಚೆ ಅಧ್ಯಕ್ಷೆ ನನ್ನ ಕೈ ಹಿಡಿದು ಹೇಳಿದರು: "ಇವತ್ತು ಮನೆಗೆ ಬರುವುದು ಬಿಡೋಣ. ಮುಂದಿನ ಬುಧವಾರ ನೀವು ಅಡುಗೆ ಮಾಡಬೇಡಿ. ಹನ್ನೆರಡಕ್ಕೆ ಬನ್ನಿ, ಅಷ್ಟೇ."

ಆಯಿತು ಎಂದೆ. ಇನ್ನು ಸ್ಯಾಂಡ್‌ವಿಚ್ಚೇ ಖಾಯಂ ಎಂದು ತಿಳಿದೆ. ಪಾತ್ರೆಗಳನ್ನೆಲ್ಲ ತೊಳೆದು, ಒರೆಸಿ, ವ್ಯಾನಿಗೆ ಏರಿಸಿದೆ. ಖಾಲಿ ಡಬ್ಬಿಗಳನ್ನೂ ಏರಿಸಿದೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ, "ನೀವು ಸುಮ್ಮನ ಬರ್ರಿ," ಎಂದು ಇಟ್ಟುಬಿಟ್ಟರು. ಆ ವಾರ ಅಟ್ಟದಿಂದ ಸೂಟ್‌ಕೇಸು ಇಳಿಸಿದೆ.

ಬುಧವಾರ ಹೋದಾಗ ಬಡಿಸುವ ಮೇಜಿನ ಮೇಲೆ ಸಾಲಾಗಿ ಗಾಜಿನ ಪಾತ್ರೆಗಳು. ಮೇಲೆ ಬೆಳ್ಳಿ ಕಾಗದ, ಕೆಳಗೆ ಟೇಪಿನ ಮೇಲೆ ಮಾಲೀಕರ ಹೆಸರು. ಒಬ್ಬೊಬ್ಬರೂ ಮನೆಯಿಂದ ಮಾಡಿ ತಂದದ್ದು. ಅಧ್ಯಕ್ಷೆಯದು ಆಲೂಗಡ್ಡೆ, ಚೀಸ್, ಮೇಲೆ ಕಾರ್ನ್‌ಫ್ಲೇಕ್ಸ್. "ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಗೆ ಇದನ್ನೇ ಒಯ್ಯುತ್ತೇವೆ," ಎಂದರು. "ಮಾಂಸ ಯಾವುದರಲ್ಲೂ ಇಲ್ಲ. ಡಾಕ್ಟರು ಎಲ್ಲರನ್ನೂ ಹೆದರಿಸಿದ್ದಾರೆ."

ನಮ್ಮ ಕಡೆಯೂ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ತಂದು ಪಕ್ಕದಲ್ಲಿ ಕೂತು ಉಣಿಸುತ್ತಾರೆ. ಇವರೂ ಅದನ್ನೇ ಮಾಡುವ ಜನ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ನನ್ನನ್ನು ಮುಂದಿನ ಮೇಜಿಗೆ, ಗಂಟೆಯ ಪಕ್ಕಕ್ಕೆ ಕೂಡಿಸಿದರು. ಆ ಸಭಾಂಗಣದಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ತಾಟು ತುಂಬಿ ತಂದಿಟ್ಟರು. ಎಲ್ಲರೂ ಉಣ್ಣಲು ಶುರು ಮಾಡಲಿ ಎಂದು ನಾನು ಕಾದೆ. ಯಾರೂ ಚಮಚ ಮುಟ್ಟಲಿಲ್ಲ.

ಡಾಕ್ಟರು ಕಿವಿಯ ಹತ್ತಿರ ಬಗ್ಗಿದರು. "ತುತ್ತು ಎತ್ರಿ ಅಣ್ಣಾರ. ಇಲ್ಲಾಂದ್ರ ಇವರು ಸಂಜೀತನಕ ಹಿಂಗ ಕುಂದರತಾರ."

ತುತ್ತು ಎತ್ತಿದೆ. ಆಲೂಗಡ್ಡೆಗೆ ಉಪ್ಪೂ ಇಲ್ಲ, ಖಾರವೂ ಇಲ್ಲ. ಬಿಸಿಯಾಗಿ ಇತ್ತು. ಎರಡು ಸಲ ಹಾಕಿಸಿಕೊಂಡೆ.

"ಮುಂದಿನ ಬುಧವಾರ?" ಎಂದು ಅಧ್ಯಕ್ಷೆಯನ್ನು ಕೇಳಿದೆ. ಕೇಳಲು ಧೈರ್ಯ ಬೇಕಾಯಿತು.

"ಮುಂದಿನ ಬುಧವಾರ ಸೂಪ್. ಮತ್ತೇನು? ವಾರವಾರ ಈ ಆಲೂಗಡ್ಡೆ ತಿಂದರೆ ಡಾಕ್ಟರು ನಮ್ಮನ್ನೆಲ್ಲ ಆಸ್ಪತ್ರೆಗೆ ಹಾಕುತ್ತಾರೆ."

ಆಗ ಗಂಟೆ ಅಜ್ಜ ಕೋಟಿನ ಜೇಬಿನಿಂದ ಪೇಪರ್ ನ್ಯಾಪ್‌ಕಿನ್ನಿನ ಸಣ್ಣ ಗಂಟು ತೆಗೆದು ನನ್ನ ತಾಟಿನ ಪಕ್ಕ ಇಟ್ಟರು. ಬಿಚ್ಚಿದರೆ ರೊಟ್ಟಿಯ ಎರಡು ಚೂರು. ಹಿಂದಿನ ಬುಧವಾರದ್ದು.

"ಸಂಜೆ ಕಾಫಿ ಮಾಡಿಕೊಂಡು ಕೂತೆ. ತಿನ್ನಲು ಆಗಲಿಲ್ಲ," ಎಂದರು. "ಇದು ನಿನ್ನದು."

ಒಂದು ಚೂರನ್ನು ಅವರ ಕಡೆ ಸರಿಸಿದೆ. ಅವರು ಬೇಡ ಎನ್ನಲಿಲ್ಲ. ಇಬ್ಬರೂ ತಿಂದೆವು.

ಹೊರಡುವಾಗ ಅಧ್ಯಕ್ಷೆ ಉಳಿದ ಆಲೂಗಡ್ಡೆಯನ್ನು ಪಾತ್ರೆಸಮೇತ ನನ್ನ ಕೈಗೆ ಕೊಟ್ಟರು. ಶನಿವಾರದ ಹೊತ್ತಿಗೆ ಅದು ಮುಗಿಯಿತು. ತೊಳೆದು ಒರೆಸಿ ಮೇಜಿನ ಮೇಲಿಟ್ಟೆ. ಬೇರೆಯವರ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ತಿರುಗಿಸುವುದಿಲ್ಲ. ಏನಾದರೂ ಹಾಕಿ ಕೊಡಬೇಕು. ಮನೆಯಲ್ಲಿ ಸಕ್ಕರೆಯೂ ಇತ್ತು, ಅದನ್ನು ಹಾಕಿದರೂ ನಡೆಯುತ್ತಿತ್ತು. ಆದರೆ ಕಪಾಟಿನಲ್ಲಿ ಜೋಳದ ಹಿಟ್ಟು ಕಂಡಿತು.

ಭಾನುವಾರ ಬೆಳಿಗ್ಗೆ ಮನೆಯ ಒಲೆ ಹಚ್ಚಿದೆ. ಇಲ್ಲಿ ಸಿಗುವ ಹಿಟ್ಟು ಹಳೆಯದು, ಜಿಗಿ ಇರುವುದಿಲ್ಲ. ಕುದಿಯುವ ನೀರಿನಲ್ಲಿ ಕಲಸಬೇಕು, ಬಿಸಿ ಇರುವಾಗಲೇ ನಾದಬೇಕು. ಅದು ಗೊತ್ತಿತ್ತು, ಏಕೆಂದರೆ ಆ ನೀರು ಎತ್ತಿ ಸುರಿಯುತ್ತಿದ್ದವನು ನಾನು. ತಟ್ಟುವುದು ಮಾತ್ರ ಗೊತ್ತಿರಲಿಲ್ಲ. ಮೊದಲಿನವು ಹಂಚಿಗೆ ಹಾಕುವ ಮುಂಚೆಯೇ ಹರಿದವು. ಆಮೇಲಿನವು ಹರಿಯಲಿಲ್ಲ, ದಪ್ಪನಾದವು. ಬಟ್ಟೆಯಿಂದ ಒತ್ತಿ ಒತ್ತಿ ಸಣ್ಣ ಉರಿಯಲ್ಲಿ ಒಣಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಜೋಳದ ವಾಸನೆ. ಉಳಿದ ಹರಕು ರೊಟ್ಟಿಯನ್ನೇ ಮೊಸರು ಹಾಕಿಕೊಂಡು ಉಂಡೆ. ಸೂಟ್‌ಕೇಸು ಮತ್ತೆ ಅಟ್ಟಕ್ಕೆ ಹೋಯಿತು.

ಬುಧವಾರ ಸಾರು ಮಾಡಿದೆ. ಹಣ ತೆಗೆದುಕೊಂಡು ಬಡಿಸುವವನು ಮನೆಯಲ್ಲಿ ಮಾಡಿದ್ದನ್ನು ಕ್ಲಬ್ಬಿನ ಮೇಜಿಗೆ ಇಡುವಂತಿಲ್ಲ, ಅದು ನಿಯಮ. ಹಾಗಾಗಿ ಬುಟ್ಟಿಯಲ್ಲಿ ಅವತ್ತು ಅಂಗಡಿಯ ಬ್ರೆಡ್ಡು. ಗಾಜಿನ ಪಾತ್ರೆಯಲ್ಲಿ ನನ್ನ ರೊಟ್ಟಿಯ ಚೂರು ತುಂಬಿ, ಬೆಳ್ಳಿ ಕಾಗದ ಮುಚ್ಚಿ ಅಧ್ಯಕ್ಷೆಯ ಕೈಗೆ ಕೊಟ್ಟೆ. ಇದು ಬಡಿಸುವುದಲ್ಲ, ಪಾತ್ರೆ ತಿರುಗಿಸುವುದು ಎಂದು ವಿವರಿಸಿದೆ. ಅವರು ಕಾಗದ ಬಿಚ್ಚಿ ನೋಡಿ, ಪಾತ್ರೆಯನ್ನು ಗಂಟೆ ಅಜ್ಜನ ಮುಂದೆ ಹಿಡಿದರು.

ಅಜ್ಜ ಒಂದು ಚೂರು ತೆಗೆದು ಬೆಳಕಿಗೆ ಹಿಡಿದು ದಪ್ಪ ನೋಡಿದರು. ಕಚ್ಚಿದರು. ಬಹಳ ಹೊತ್ತು ಅಗಿದರು.

"ಇದು ಗಿರಿಜಾ ಮಾಡಿದ್ದಲ್ಲ," ಎಂದರು. ಹೆಸರು ಸರಿಯಾಗಿ ಹೇಳಿದರು.

"ಅಲ್ಲ. ನಾನು ಮಾಡಿದ್ದು."

"ಗಟ್ಟಿ ಇದೆ."

"ಗೊತ್ತು."

ಅವರು ಇನ್ನೂ ಎರಡು ಚೂರು ತೆಗೆದರು. ನ್ಯಾಪ್‌ಕಿನ್ನಿನಲ್ಲಿ ಸುತ್ತಿದರು, ಕೋಟಿನ ಜೇಬಿಗೆ ಇಳಿಸಿದರು. ಆಮೇಲೆ ಎದ್ದು ಹೋಗಿ ಗಂಟೆ ಬಾರಿಸಿದರು.